ಬಂದೆ, ಬಂದೆ

ಆ ವಾರ್ಡಿನಲ್ಲಿ ನರ್ಸುಗಳು ದಿನವಿಡೀ ಹೇಳುವ ಸುಳ್ಳು ಒಂದೇ: "ಬಂದೆ." ಕಾಲು ಒಂದು ಮಂಚದ ಪಕ್ಕ, ಕೈ ಯಾರದೋ ಸೂಜಿಯ ಮೇಲೆ, ಬಾಯಿ ಮಾತ್ರ "ಬಂದೆ, ಬಂದೆ." ಪಾಪ, ಇನ್ನೇನು ಮಾಡಿಯಾರು? ಇರುವವರು ಇಬ್ಬರು, ಕರೆಯುವವರು ವಾರ್ಡು ತುಂಬ.

ಹಿಂದೆ ನರ್ಸೆಂದರೆ ಜ್ವರ ನೋಡು, ಗುಳಿಗೆ ಕೊಡು, ಗಾಯ ತೊಳೆ. ಈಗ ಡಾಕ್ಟರ ಅರ್ಧ ಕೆಲಸವೂ ಅವರದೇ, ಎಲ್ಲವನ್ನೂ ಕಂಪ್ಯೂಟರಿಗೆ ತುಂಬಿಸುವ ಚಾಕರಿಯೂ ಅವರದೇ. ಕೆಲಸ ಬೆಳೆಯಿತು, ಕೈಗಳು ಬೆಳೆಯಲಿಲ್ಲ. ಕೆಲಸ ಬಿಟ್ಟುಹೋದ ನರ್ಸುಗಳ ಜಾಗಕ್ಕೆ ಮೇಲಿನವರು ಕಂಡುಕೊಂಡ ಉಪಾಯವಾದರೂ ಏನು? ಇನ್ನೂ ಓದುತ್ತಿರುವ ಹುಡುಗಿಯರಿಗೆ ಸ್ಟಾಫ್ ನರ್ಸಿನ ಸಮವಸ್ತ್ರ ತೊಡಿಸಿದರು. ತಲೆಲೆಕ್ಕ ಸರಿಹೋಯಿತು. ತಲೆಯೊಳಗೆ ಏನಿದೆ ಎಂದು ಯಾರು ಕೇಳಬೇಕು!

ಹಾಗೆ ಬಂದವಳೊಬ್ಬಳು ಆ ವಾರ್ಡಿನ ಹಿರಿಯ ನರ್ಸಿನ ಸ್ವಂತ ತಂಗಿ. ಅಮ್ಮ ತೀರಿಕೊಂಡ ಮೇಲೆ ಅಕ್ಕನೇ ಸಾಕಿ, ಅಕ್ಕನೇ ಈ ಓದಿಗೆ ಸೇರಿಸಿದ್ದಳು. ಮೊದಲ ದಿನವೇ ಕಟ್ಟುನಿಟ್ಟಾಗಿ ಹೇಳಿದಳು: "ಇಲ್ಲಿ ಅಕ್ಕ ಗಿಕ್ಕ ಅನ್ನಬೇಡ. ತಂಗೀಂತ ಮುದ್ದು ಮಾಡ್ತಾಳೆ ಅಂತ ಆಡ್ಕೋತಾರೆ. ಎಲ್ಲರ ಹಾಗೆ ಸಿಸ್ಟರ್ ಅನ್ನು."

"ಸರಿ ಸಿಸ್ಟರಕ್ಕ," ಎಂದು ತಂಗಿ ಕಿಸಕ್ಕೆಂದಿದ್ದಳು.

ಆ ಮಧ್ಯಾಹ್ನ ತಂಗಿಗೆ ಕೊನೆಯ ಕೋಣೆ ಕೊಟ್ಟರು. ಅಲ್ಲೊಬ್ಬ ಲಾರಿ ಡ್ರೈವರ್. ಉಸಿರಾಡಲೆಂದು ಕತ್ತಿಗೆ ತೂತು ಮಾಡಿ ನಳಿಗೆ ಇಟ್ಟಿದ್ದರು. ಅಕ್ಕ ಮೇಟ್ರನ್ ಮುಂದೆ ನಿಂತು ಗೋಗರೆದಳು.

"ಮೇಡಂ, ಈ ನಳಿಗೆಯ ಪಾಠ ಅವಳಿಗಿನ್ನೂ ಆಗಿಲ್ಲ. ಮುಂದಿನ ವರ್ಷದ್ದು ಅದು. ಬೇರೆ ಯಾರನ್ನಾದ್ರೂ ಕಳ್ಸಿ, ದಮ್ಮಯ್ಯ."

"ಯಾರನ್ನ ಕಳ್ಸಲಿ? ನರ್ಸ್‌ಗಳೇನು ಮರದಲ್ಲಿ ಬಿಡ್ತಾರೇನಮ್ಮ?" ಎಂದರು ಮೇಟ್ರನ್. ಅವರ ಕಣ್ಣುಗಳೂ ನಿದ್ದೆಗೆಟ್ಟು ಕೆಂಪಾಗಿದ್ದವು. "ನೀನು ಹತ್ತಿರಾನೇ ಇರ್ತೀಯಲ್ಲ. ಕೂಗಿದ್ರೆ ಹೋಗು."

ಸ್ವಲ್ಪ ಹೊತ್ತಿನಲ್ಲೇ ವಾರ್ಡಿನ ಮುದುಕನೊಬ್ಬ ರಕ್ತ ಕಾರಿಕೊಂಡ. ಅಕ್ಕ ಅವನನ್ನು ಒಂದು ಮಗ್ಗುಲಿಗೆ ಹೊರಳಿಸಿ ಹಿಡಿದಿದ್ದಳು. ಆಗ ಎಲ್ಲಿಂದಲೋ "ಸಿಸ್ಟರ್!" ಎಂಬ ಕೂಗು.

"ಬಂದೆ."

"ಸಿಸ್ಟರ್! ಸಿಸ್ಟರ್!"

ಆ ವಾರ್ಡಿನಲ್ಲಿ ಹಾಗೆ ಕೂಗದವರು ಯಾರು? ನೀರು ಬೇಕಾದವನೂ ಕೂಗುತ್ತಾನೆ, ಫ್ಯಾನು ಜೋರು ಮಾಡಬೇಕಾದವಳೂ ಕೂಗುತ್ತಾಳೆ. "ಬಂದೆ ಕಣ್ರೀ, ಬಂದೆ!" ಎಂದು ತಲೆಯೆತ್ತದೆಯೇ ರೇಗಿದಳು.

ಮುದುಕನನ್ನು ಡಾಕ್ಟರ ಕೈಗೆ ಬಿಟ್ಟು ಕೊನೆಯ ಕೋಣೆಗೆ ಓಡಿದಾಗ ಡ್ರೈವರನ ಮುಖ ನೀಲಿಗಟ್ಟಿತ್ತು. ಅಕ್ಕ ಕತ್ತಿನ ನಳಿಗೆಯೊಳಗಿದ್ದ ಇನ್ನೊಂದು ಸಣ್ಣ ನಳಿಗೆಯನ್ನು ಸರಕ್ಕನೆ ಎಳೆದಳು. ಕಫ ಅದರಲ್ಲಿ ಬಿರಡೆಯಂತೆ ಕೂತಿತ್ತು. ಎದೆ ಒತ್ತಿದಳು. ಡಾಕ್ಟರೂ ಬಂದು ಒತ್ತಿದರು. ಹೋದ ಉಸಿರು ಹೋಗಿಯೇ ಬಿಟ್ಟಿತು.

ಉಳಿದವರೆಲ್ಲ ಹೊರಗೆ ಹೋದ ಮೇಲೆ ತಂಗಿ ಮಂಚದ ಪಕ್ಕ ಕುಸಿದು ಕೂತಳು.

"ಒಳಗೆ ಇನ್ನೊಂದು ನಳಿಗೆ ಇರುತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ," ಎಂದಳು. "ನೀನು 'ಬಂದೆ' ಅಂದ್ಯಲ್ಲ, ಅದನ್ನೇ ನಂಬ್ಕೊಂಡು ನಿಂತೆ. 'ಹೆದರ್ಬೇಡಿ, ಸಿಸ್ಟರ್ ಬಂದ್ರು' ಅಂತ ಇವರಿಗೂ ಹೇಳ್ದೆ."

ಅಕ್ಕ ಅವಳ ಭುಜ ಹಿಡಿದಳು. "ಅಕ್ಕಾ ಅಂತ ಕೂಗಬಾರದಿತ್ತೇನೇ? ಎಲ್ಲಾ ಬಿಟ್ಟು ಓಡಿ ಬರ್ತಿದ್ದೆನಲ್ಲೇ!"

"ನೀನೇ ಬೇಡ ಅಂದಿದ್ದೆ."

ವಾರ್ಡಿನಿಂದ ಮತ್ತೆ ಯಾರೋ ಕರೆದರು: "ಸಿಸ್ಟರ್!" ಅಕ್ಕನ ಬಾಯಿಂದ ಆ ಮಾತು ಹೊರಡಲೇ ಇಲ್ಲ.

"ಬಂದೆ," ಎಂದಳು ತಂಗಿ. ಆದರೆ ಏಳಲಿಲ್ಲ. ಡ್ರೈವರನ ಕೈಯನ್ನು ಅವಳಿನ್ನೂ ಹಿಡಿದೇ ಇದ್ದಳು.