‘ಏನಂದ್ರಿ’ ಕಂಪನಿ

ಹಾನಗಲ್ಲಿನ ಒಂದು ಕಾಲೇಜಿನಲ್ಲಿ ಶಾಹೀನ ಕನ್ನಡ ಕಲಿಸುತ್ತಿದ್ದಳು, ವಿದ್ಯಾ ಸಂಖ್ಯಾಶಾಸ್ತ್ರ. ಫೋನಿನಲ್ಲಿ ಆಡಿದ ಮಾತನ್ನು ಬರಹಕ್ಕಿಳಿಸುವ ತಂತ್ರಾಂಶಗಳಿಗೆ ತಮ್ಮ ಸೀಮೆಯ ಕನ್ನಡ ಯಾಕೆ ತಿಳಿಯುವುದಿಲ್ಲ ಎಂದು ಇಬ್ಬರೂ ಸೇರಿ ಸಂಶೋಧನೆಗೆ ಇಳಿದರು. ರಜೆ ಬಂದರೆ ತಿಳವಳ್ಳಿ, ಹುಲಗೂರು, ಸವಣೂರು ಸುತ್ತಿ ಜನರ ಮಾತು ಧ್ವನಿಮುದ್ರಿಸಿಕೊಂಡು ಬರುತ್ತಿದ್ದರು. ಕಡೆಗೆ ತಾವೇ ಒಂದು ತಂತ್ರಾಂಶ ಕಟ್ಟಿ ಕಂಪನಿ ತೆರೆದಾಗ ಆಡಳಿತ ಮಂಡಳಿ ತಕರಾರು ತೆಗೆಯಿತು: ಕಂಪನಿ ಬಿಡಿ, ಇಲ್ಲವೇ ಕಾಲೇಜು ಬಿಡಿ. ಇಬ್ಬರೂ ಕಾಲೇಜು ಬಿಟ್ಟರು.

ಹಿರೇಕೆರೂರಿನ ಗೊಬ್ಬರದಂಗಡಿಯ ಮೇಲಿನ ಕೋಣೆಗೆ ‘ಏನಂದ್ರಿ’ ಎಂಬ ಬೋರ್ಡು ಬಿತ್ತು. ಕಂಪನಿಗೆ ಇದೆಂಥ ಹೆಸರು ಎಂದು ನಕ್ಕವರೇ ಹೆಚ್ಚು.

ಹೋದ ವರ್ಷ, ಆಂಬುಲೆನ್ಸಿಗೆ ಬರುವ ಕರೆಗಳನ್ನು ನೋಡಿಕೊಳ್ಳುವ ದೊಡ್ಡ ಸಂಸ್ಥೆಯೊಂದರ ಅಧಿಕಾರಿ ತಂತ್ರಾಂಶವನ್ನು ಪರೀಕ್ಷಿಸಲು ಬಂದ. ಪೇಟೆಯವರ ಮಾತುಗಳೆಲ್ಲ ಸರಿಯಾಗಿ ಅಕ್ಷರವಾದವು. ನಂತರ, ಪರೀಕ್ಷೆಗೆಂದೇ ಹೇಳಿಸಿ ಮುದ್ರಿಸಿಕೊಂಡಿದ್ದ ಮುದುಕಿಯೊಬ್ಬಳ ಧ್ವನಿ ಬಂತು: “ಎದಿ ಹಿಡ್ಕೊಂಡೈತ್ರಿ, ಲಗೂನ ಗಾಡಿ ಕಳಸ್ರಿ.” ಬೇಗ ಎಂಬರ್ಥದ ‘ಲಗೂನ’ ತಂತ್ರಾಂಶಕ್ಕೆ ತಿಳಿಯದೆ, ಪರದೆಯ ಮೇಲೆ ‘ಲಗ್ನಕ್ಕೆ ಗಾಡಿ ಕಳಿಸಿ’ ಎಂದು ಮೂಡಿತು.

ಅಧಿಕಾರಿ ನಕ್ಕುಬಿಟ್ಟ. ಇಂಥ ಧ್ವನಿಗಳನ್ನು ಪರೀಕ್ಷೆಯಿಂದ ತೆಗೆದುಹಾಕಿದರೆ ಫಲಿತಾಂಶ ತಾನೇ ಏರುತ್ತದೆ, ಕೂಡಲೇ ಒಪ್ಪಂದಕ್ಕೆ ಸಹಿ ಹಾಕೋಣ ಎಂದ.

ಶಾಹೀನ ವಿದ್ಯಾಳ ಮುಖ ನೋಡಿದಳು. ಈ ಒಪ್ಪಂದಕ್ಕಾಗಿ ಹಗಲಿರುಳು ದುಡಿದವಳು ವಿದ್ಯಾಳೇ. ಆ ಧ್ವನಿಯೂ ಅವಳ ತಾಯಿ ಅನ್ನವ್ವನದೇ.

“ತಗಿಯಂಗಿಲ್ರಿ,” ಎಂದಳು ವಿದ್ಯಾ. “ಅಕಿ ನಮ್ಮವ್ವ. ಅಕಿ ಮಾತು ತಿಳೀಲಿಲ್ಲಂದ್ರ ತಪ್ಪು ನಮ್ಮ ಮಷೀನದು, ಅಕೀದಲ್ಲ.”

ಹಳ್ಳಿಯವರೂ ನಿಧಾನವಾಗಿ ಶುದ್ಧವಾಗಿ ಮಾತಾಡಲು ಕಲಿಯುತ್ತಾರೆ ಎಂದು ಅವನು ಸಮಾಧಾನ ಹೇಳಿದ.

“ಎದಿ ಹಿಡಕೊಂಡಾಗೇನ್ರಿ?” ಎಂದಳು ಶಾಹೀನ.

ಅವನು ಲ್ಯಾಪ್‌ಟಾಪ್ ಮುಚ್ಚಿಕೊಂಡು ಹೋದ. ಒಪ್ಪಂದ ಕೈತಪ್ಪಿದ್ದನ್ನು ಕಂಡು, ಕಂಪನಿಯಲ್ಲಿ ಕೆಲಸಕ್ಕಿದ್ದ ಒಬ್ಬನೇ ಹುಡುಗ ಜಗದೀಶ ಮರುವಾರವೇ ಬೇರೆ ಕಡೆ ಸೇರಿದ. ಇಬ್ಬರೇ ಉಳಿದರು. ಮಳೆಗಾಲವಿಡೀ ವಯಸ್ಸಾದವರ ಮಾತುಗಳನ್ನೇ ಹುಡುಕಿಕೊಂಡು ಊರೂರು ತಿರುಗಿದರು. ಹಲ್ಲಿಲ್ಲದವರು, ಏದುಸಿರು ಬಿಡುವವರು, ಉರ್ದು ಬೆರೆಸಿ ಮಾತಾಡುವವರು, ಒಬ್ಬರನ್ನೂ ಬಿಡಲಿಲ್ಲ. ದೀಪಾವಳಿಯ ಹೊತ್ತಿಗೆ ಶಿಗ್ಗಾಂವಿಯ ಸಣ್ಣ ಆಸ್ಪತ್ರೆಯೊಂದು ತನ್ನ ಫೋನಿಗೆ ‘ಏನಂದ್ರಿ’ಯನ್ನು ಅಳವಡಿಸಿಕೊಂಡಿತು. ಹುಲಗೂರಿನ ಅಜ್ಜಿಯೊಬ್ಬಳ ಏದುಸಿರಿನ ಮಾತನ್ನು ಅದು ಸರಿಯಾಗಿ ಬರೆದುಕೊಟ್ಟಿತು; ಕೂಡಲೇ ಗಾಡಿ ಹೋಗಿ, ಅವಳು ಬದುಕಿದಳು.

ಆ ಸುದ್ದಿ ಕೇಳಿ ದೊಡ್ಡ ಸಂಸ್ಥೆಯವರು ಮತ್ತೆ ಫೋನು ಮಾಡಿದರು. ಈ ಸಲ ಅವರಿಗೆ ಬೇಕಾದದ್ದು ಹಳ್ಳಿಯವರ ಧ್ವನಿಮುದ್ರಣಗಳು ಮಾತ್ರ. ಕಂಪನಿಯೂ ಬೇಡ, ಅದರ ಹೆಸರೂ ಬೇಡ.

“ಕೊಡಂಗಿಲ್ರಿ. ಅವು ಮಂದಿ ನಮ್ಮನ್ನ ನಂಬಿ ಆಡಿದ ಮಾತು,” ಎಂದು ವಿದ್ಯಾ ಫೋನು ಇಟ್ಟಳು. ಶಾಹೀನ ಆಗಲೇ ಮೈಕು ಚೀಲಕ್ಕೆ ಹಾಕಿಕೊಂಡಿದ್ದಳು. ಇಬ್ಬರೂ ಸವಣೂರಿನ ಬಸ್ಸಿಗೆ ಹೊರಟರು.