ತಿಮಿಂಗಿಲ ಕಂಡ ಶನಿವಾರ

ಹೈದರಾಬಾದಿನ ಸನತ್‌ನಗರದ ವಾಲ್ವ್ ಕಾರ್ಖಾನೆಯ ಕೆಲಸಗಾರರೆಲ್ಲ ರಾತ್ರಿಯಿಡೀ ರೈಲಿನಲ್ಲಿ ಬಂದು, ಬೆಳಿಗ್ಗೆ ವಿಶಾಖಪಟ್ಟಣದಲ್ಲಿ ದೋಣಿ ಹತ್ತಿದ್ದರು. ಡಾಲ್ಫಿನ್ ತೋರಿಸುವ ದೋಣಿ. ನಸೀಬಿದ್ದರೆ ತಿಮಿಂಗಿಲವೂ ಕಾಣುತ್ತದಂತೆ. ಎಂದೂ ಒಂದು ಕಪ್ ಚಹಾ ಕುಡಿಸದ ಸೇಠ್ ಖರ್ಚು ಕೊಟ್ಟಿದ್ದಾನೆಂದು ಎಲ್ಲರೂ ಹಿಗ್ಗಿದ್ದರು.

ಯಾಕೆ ಕೊಟ್ಟನೆಂಬುದು ಮೇಸ್ತ್ರಿ ಅಮರೇಶಪ್ಪನೊಬ್ಬನಿಗೇ ಗೊತ್ತು. ಗುರುವಾರ ಸೇಠ್ ಅವನನ್ನು ಒಳಗೆ ಕರೆದು, ಸೋಮವಾರದಿಂದ ಕಾರ್ಖಾನೆ ಮುಚ್ಚುತ್ತೇನೆ, ಹುಡುಗರು ಖುಷಿಯಿಂದ ಹೋಗಿ ಬರಲಿ, ಅಲ್ಲಿಯತನಕ ಬಾಯಿ ಬಿಡಬೇಡ ಎಂದಿದ್ದ. ಬೇರೆ ದಿನವಾಗಿದ್ದರೆ ಮೇಜು ಮಗುಚಿ ಬರುವ ಆಸಾಮಿ ಅಮರೇಶಪ್ಪ. ಅಂದು ಹೂಂ ಎಂದು ಹೊರಗೆ ಬಂದ. ಆವಾಗಿನಿಂದ ಊಟ ರುಚಿಸುತ್ತಿಲ್ಲ, ಸಿಟ್ಟೂ ಬರುತ್ತಿಲ್ಲ. ಒಳಗೆಲ್ಲ ಜೋಮು ಹಿಡಿದಂತೆ.

ದೋಣಿಯ ಪಕ್ಕ ಒಂದು ಆಮೆ ತಲೆಯೆತ್ತಿ ಮುಳುಗಿತು. ಡಾಲ್ಫಿನ್‌ಗಳು ಹಾರಿದವು. ಅವನು ನೋಡಿದ, ಅಷ್ಟೆ.

ಪಕ್ಕದಲ್ಲಿ ಲೇತ್ ಮಷಿನ್ನಿನ ಸೋಮಣ್ಣ ಬಾಯಿ ಮುಚ್ಚಿರಲಿಲ್ಲ. "ಅಣ್ಣಾರ, ನಮ್ಮಾಕಿ ಅಹಲ್ಯಾ ಇವತ್ತ ಸಿಂಧನೂರಾಗ ಮಕ್ಕಳ ಟಿ.ಸಿ. ತಗಸಾಕ ಸಾಲಿಗೆ ಹೋಗ್ಯಾಳ್ರಿ. ಎಲ್ಲಾರನೂ ಹೈದರಾಬಾದಿಗೇ ಕರಕೊಂಡು ಬರ್ತೀನಿ. ಇನ್ನ ನಿಮ್ಮ ಊಟದ ಡಬ್ಬಿಗೆ ಕಣ್ಣು ಹಾಕೂದಿಲ್ಲ ಬಿಡ್ರಿ!"

ಅಮರೇಶಪ್ಪ ನೀರನ್ನೇ ನೋಡುತ್ತ ಹೇಳಿದ: "ತಗಸಬ್ಯಾಡ ಅಂತ ಹೇಳು. ಸೋಮವಾರದಿಂದ ಕಾರ್ಖಾನಿ ಬಂದ್."

ಸೋಮಣ್ಣ ನಕ್ಕ. ಮೇಸ್ತ್ರಿಯ ಮುಖ ನೋಡಿ ನಗು ನಿಲ್ಲಿಸಿದ. "ನಿಮಗ ಯಾವಾಗ ಗೊತ್ತಾತ್ರಿ?"

"ಗುರುವಾರ."

"ರಾತ್ರೆಲ್ಲ ನನ್ನ ಜೋಡಿ ಇಸ್ಪೀಟ ಆಡಿದೆಲ್ಲೋ! ನೀ ಮನಷ್ಯಾ ಏನು?"

ಅಮರೇಶಪ್ಪ ನೀರಿನಿಂದ ಕಣ್ಣು ತೆಗೆಯಲಿಲ್ಲ. ಹೊಡೆದಿದ್ದರೂ ಹಾಗೇ ಕೂತಿರುತ್ತಿದ್ದ. ಸೋಮಣ್ಣ ಫೋನು ತೆಗೆದ. ಸಿಗ್ನಲ್ ಇರಲಿಲ್ಲ.

"ಅದಿಗೋ! ತಿಮಿಂಗಲಂ!" ದೋಣಿಯವನು ಕೂಗಿದ. ದೂರದಲ್ಲಿ ಕರಿಯ ಬೆನ್ನೊಂದು ನೀರು ಸೀಳಿ ಎದ್ದಿತು. ಎಲ್ಲರೂ ಆ ಬದಿಗೆ ನುಗ್ಗಿ ಫೋನು ಎತ್ತಿದರು. ಈ ಬದಿಯಲ್ಲಿ, ದಡದ ಕಡೆಗೆ ಮುಖ ಮಾಡಿ, ಸೋಮಣ್ಣನೂ ಎತ್ತಿ ಹಿಡಿದಿದ್ದ. ಅಮರೇಶಪ್ಪ ಎದ್ದು ತನ್ನದನ್ನೂ ತೆಗೆದು ಅವನ ಪಕ್ಕ ನಿಂತ.

"ಏ ಮೇಸ್ತ್ರಿ, ಮೀನ ಈ ಕಡೆ ಐತ್ರಿ! ಅಲ್ಲಿ ಯಾರ ಫೋಟೋ ಹೊಡಿಯಾಕತ್ತೀರಿ?" ಹಿಂದಿನಿಂದ ಯಾರೋ ನಕ್ಕರು.

ಅಮರೇಶಪ್ಪನ ಫೋನಿನಲ್ಲಿ ಸಿಗ್ನಲ್ಲಿನ ಒಂದು ಗೆರೆ ಮೂಡಿತು.

"ಅಹಲ್ಯಾನ ನಂಬರ ಹೇಳು."

ಸೋಮಣ್ಣ ಅವನ ಮುಖ ನೋಡದೆ ಹೇಳಿದ. ಅತ್ತ ರಿಂಗ್ ಆಗತೊಡಗಿದಾಗ ಫೋನನ್ನು ಕಿತ್ತುಕೊಂಡ.