ಮೇಡಂ ಹೇಳಿದ ಒಡಪು

ನನಗೆ ಹೊಟ್ಟೆಕಿಚ್ಚು ಬಂದದ್ದು ಕೋಲಿಗೆ ಮೊಬೈಲು ಸಿಕ್ಕಿಸಿಕೊಂಡು ಬಂದ ಒಬ್ಬ ಹೆಂಗಸಿನ ಮೇಲೆ. ಸಭ್ಯಸ್ಥರು ಇಂಥದ್ದಕ್ಕೆ ಬೇಸರ ಎನ್ನುತ್ತಾರೆ, ಮನಸ್ಸಿಗೆ ನೋವಾಯಿತು ಎನ್ನುತ್ತಾರೆ. ನನಗೆ ಅಷ್ಟು ನಾಜೂಕಿನ ಮಾತು ಬರುವುದಿಲ್ಲ. ರೊಟ್ಟಿ ಬಡಿಯಲು ಕೂತರೆ ಒಲೆಗಿಂತ ನಾನೇ ಹೆಚ್ಚು ಉರಿಯುತ್ತಿದ್ದೆ. ಅದು ಹೊಟ್ಟೆಕಿಚ್ಚೇ.

ನಮ್ಮವರು ಹಾವೇರಿಯ ನಡುಪೇಟೆಯಲ್ಲಿರುವ ಒಂದು ಹೋಟೆಲಿನ ಗಾಡಿ ಓಡಿಸುತ್ತಾರೆ. ಬೆಳಿಗ್ಗೆ ಅಗಡಿಯಿಂದ ಬೈಕಿನಲ್ಲಿ ಹೋದರೆ ಬರುವುದು ಸಂಜೆಗೇ. ಹೋಟೆಲಿನಲ್ಲಿ ಇಳಿದುಕೊಂಡವರು ಇಲ್ಲಿ ಸುತ್ತಮುತ್ತ ನೋಡುವುದೇನಿದೆ ಎಂದು ಕೇಳಿದರೆ, ಅವರನ್ನು ಕೂರಿಸಿಕೊಂಡು ಸಿದ್ಧೇಶ್ವರ ಗುಡಿ, ಏಲಕ್ಕಿ ಹಾರ ಮಾಡುವವರ ಮನೆ, ಕಾಗಿನೆಲೆ, ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ, ರಾಣೆಬೆನ್ನೂರಿನ ಕೃಷ್ಣಮೃಗಗಳ ಕಾಡು ಎಲ್ಲ ತೋರಿಸಿ ತರುವುದು ಅವರ ಕೆಲಸ. ಮನೆಗೆ ಬಂದರೆ ಮಾತ್ರ ಬಾಯಿಗೆ ಬೀಗ. ಒಂದು ಹೂಂ, ಒಂದು ಊಹೂಂ, ಸಾರಿಗೆ ಉಪ್ಪು ಕಡಿಮೆಯಾಗಿದ್ದರೆ ಆ ಒಂದು ಮಾತು. ಇಷ್ಟರಲ್ಲಿ ನಮ್ಮ ಸಂಸಾರ ಸಾಗಿತ್ತು. ಮಾತು ಕಡಿಮೆಯ ಮನುಷ್ಯ ಎಂದುಕೊಂಡು ನಾನೂ ಹೊಂದಿಕೊಂಡಿದ್ದೆ.

ಆಮೇಲೆ ಆ ಮೇಡಂ ಬಂದರು. ಬೆಂಗಳೂರಿನವರು. ಊರೂರು ತಿರುಗಿ, ಎಲ್ಲಿ ಉಳಿಯಬೇಕು, ಏನು ನೋಡಬೇಕು ಎಂದು ವಿಡಿಯೊ ಮಾಡಿ ಹಾಕುವುದೇ ಅವರ ಉದ್ಯೋಗವಂತೆ. ಹೋಟೆಲಿನ ಮ್ಯಾನೇಜರ್ ಪ್ರಭುಲಿಂಗಪ್ಪನವರೇ ಅವರನ್ನು ಕರೆಸಿದ್ದರು. ಅವರನ್ನು ಊರು ಸುತ್ತಿಸಿದವರು ನಮ್ಮವರು. ಮನೆಗೆ ಬಂದು ಅದರ ಬಗ್ಗೆ ಒಂದು ಅಕ್ಷರ ಹೇಳಿರಲಿಲ್ಲ. ಒಂದು ಮಧ್ಯಾಹ್ನ ನೆರೆಮನೆಯ ಸೋಮವ್ವ ಫೋನು ಹಿಡಿದುಕೊಂಡೇ ನಮ್ಮ ಪಡಸಾಲೆಗೆ ಬಂದಳು.

"ಸುರೇಖಾ, ಲಗೂ ಬಾ. ನಿನ್ನ ಗಂಡ ಫೋನಿನ್ಯಾಗ ಬಂದಾನ."

ನಾನು, ಸೋಮವ್ವ, ನನ್ನ ಅತ್ತೆ ಹೊನ್ನವ್ವ, ಮೂವರೂ ತಲೆಗೆ ತಲೆ ತಾಗಿಸಿ ನೋಡಿದೆವು. ಹೌದು, ಅವರೇ. ಆದರೆ ನಮ್ಮ ಮನೆಯಲ್ಲಿ ಉಂಡು ಮಲಗುವ ಮನುಷ್ಯ ಅಲ್ಲ. "ಎಲ್ಲಾ ಗುಡಿ ಮೂಡಣಕ್ಕ ಮಾರಿ ಮಾಡಿರ್ತಾವ್ರಿ ಮೇಡಂ, ನಮ್ಮ ಸಿದ್ಧೇಶ್ವರ ಮಾತ್ರ ಪಡುವಣಕ್ಕ ಮಾಡ್ಯಾನ. ಹೊತ್ತು ಮುಳುಗೂದು ನೋಡಾಕ ಅವಗ ಆಸೆ" ಎಂದು ಕೈ ಬೀಸಿ ಬೀಸಿ ಹೇಳುತ್ತಿದ್ದರು. ಏಲಕ್ಕಿ ಹಾರದ ಮನೆಯಲ್ಲಿ ಮೇಡಂ ಹಾರ ಹಾಕಿಕೊಂಡು ನಿಂತರೆ ಇವರು ಪಕ್ಕದಲ್ಲಿ ಹಲ್ಲು ಬಿಟ್ಟುಕೊಂಡು ನಿಂತಿದ್ದರು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ರಾಶಿಯ ಘಾಟಿಗೆ ಮೇಡಂ ಸೀನತೊಡಗಿದಾಗ ಕಿಸೆಯಿಂದ ಕರ್ಚೀಫು ತೆಗೆದು ಕೊಟ್ಟರು. ಆ ಕರ್ಚೀಫು ನಾನು ಒಗೆದು ಮಡಿಸಿ ಇಟ್ಟದ್ದು.

ಅಷ್ಟಾಗಿದ್ದರೆ ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತಿದ್ದೆನೇನೋ. ಮುಂದೆ ನಡೆದದ್ದು ಬೇರೆ.

ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಅವನ ಆಯುಷ್ಯಕ್ಕೆ ಕೇಡು ಎಂದು ಹಿರಿಯರ ನಂಬಿಕೆ. ಮದುವೆಯಲ್ಲೋ ಬಸುರಿಗೆ ಮಾಡುವ ಕುಬಸದಲ್ಲೋ ಹೆಂಗಸರೆಲ್ಲ ಅಡ್ಡಗಟ್ಟಿ ಕಾಡಿದಾಗ ಮಾತ್ರ, ಪ್ರಾಸ ಕಟ್ಟಿ, ನಾಲ್ಕು ಸಾಲಿನ ಒಳಗೆ ಹೆಸರನ್ನು ಇಟ್ಟು ಹೇಳುವುದು. ಅದಕ್ಕೆ ಒಡಪು ಎನ್ನುತ್ತಾರೆ. ಈಗಿನ ಹುಡುಗಿಯರು ಗಂಡನನ್ನು ಹೆಸರು ಹಿಡಿದೇ ಕೂಗುತ್ತಾರೆ, ಆದರೆ ಹೊನ್ನವ್ವನ ಮನೆಯಲ್ಲಿ ಅದು ನಡೆಯುವುದಿಲ್ಲ. ನನ್ನ ಒಡಪು ಯಾರಿಂದಲೋ ಕಲಿತದ್ದಲ್ಲ. ಮದುವೆಯ ಹಿಂದಿನ ದಿನ ಎರಡೂ ಕೈಗೆ ಮದರಂಗಿ ಹಚ್ಚಿಕೊಂಡು ಕೂತು ನಾನೇ ಕಟ್ಟಿದ್ದು. ಈ ಮನೆಯ ಹೊಸ್ತಿಲಲ್ಲಿ ನಿಂತು ಅದನ್ನು ಹೇಳಿದಾಗ ಅವರು ನನ್ನನ್ನು ನೋಡಿದ ಒಂದು ನೋಟವಿದೆ. ಇಷ್ಟು ವರ್ಷ ಹೂಂ ಊಹೂಂ ಕೇಳಿಕೊಂಡು ಬಾಳಿದ್ದು ಆ ನೋಟದ ಬಲದಿಂದಲೇ.

ವಿಡಿಯೊದಲ್ಲಿ ಅವರು ಮೇಡಂಗೆ ಹೇಳಿದರು: "ನಮ್ಮ ಕಡೆ ಹೆಣ್ಮಕ್ಕಳು ಹಿಂಗ ಒಡಪು ಹೇಳ್ತಾರ್ರಿ." ಹೇಳಿ, ನನ್ನ ಒಡಪನ್ನು ಮೊದಲಿಂದ ಕೊನೆಯವರೆಗೆ ಹೇಳಿಕೊಟ್ಟರು. ನಮ್ಮ ಕಡೆ ಅಂತೆ. ನನ್ನದು ಎಂದು ಒಂದು ಮಾತಿಲ್ಲ. ಮೇಡಂ ಕೋಲನ್ನು ಎತ್ತಿ ಹಿಡಿದು, ನಕ್ಕು, ತಡವರಿಸುತ್ತ ತಾವೂ ಹೇಳಿದರು.

"ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕ ಚಂದ,
ಅಗಡಿ ಹೊಲದ ಜೋಳ ತೆನಿಗೆ ಚಂದ,
ಮಾತು ಕಡಿಮಿ, ನಗಿ ಚಂದ,
ವಿಜಯಮಹಾಂತೇಶರ ಹೆಸರು ನನ್ನ ಬಾಯಾಗ ಚಂದ."

ಇವರು ಚಪ್ಪಾಳೆ ತಟ್ಟಿದರು.

"ಒಡಪು ಹೇಳಿದಾಕಿ ಅಂದ್ರ ಹೆಂಡ್ತಿ ಆದಂಗ ಆತಲ" ಎಂದಳು ಸೋಮವ್ವ, ಸೆರಗು ಬಾಯಿಗೆ ಒತ್ತಿಕೊಂಡು. "ಕುಂತಲ್ಲೇ ಸವತಿ ಬಂದ್ಲು ನಿನಗ."

ಅತ್ತೆಗೆ ಬೇರೆಯದೇ ಚಿಂತೆ. ಸ್ವಲ್ಪ ಹೊತ್ತು ಯೋಚಿಸಿ ತಾವೇ ಸಮಾಧಾನ ಮಾಡಿಕೊಂಡರು. "ಆಕಿ ಹೇಳಿದ್ರ ಏನೂ ಆಗಂಗಿಲ್ಲ ಬಿಡು. ಹೆಂಡ್ತಿ ಹೇಳಬಾರದು, ಅಷ್ಟ."

ಅಂದರೆ ಊರಿಗೆ ಊರೇ ನನ್ನ ಗಂಡನ ಹೆಸರು ಹೇಳಬಹುದು, ನಾನೊಬ್ಬಳು ಹೇಳಬಾರದು. ಆ ಹೆಸರು ಹೇಳಲು ನಾನು ಕಷ್ಟಪಟ್ಟು ಮಾಡಿಕೊಂಡ ಒಂದೇ ಒಂದು ಸಂದಿಯಿತ್ತು, ಅದರೊಳಗೂ ಈಗ ಮೇಡಂ ಬಂದು ಕೂತಿದ್ದರು.

ಸಂಜೆ ಅವರು ಕೈಕಾಲು ತೊಳೆದು ಊಟಕ್ಕೆ ಕೂತಾಗ ಕೇಳಿಯೇ ಬಿಟ್ಟೆ. "ನನ್ನ ಒಡಪು ಯಾಕ ಕೊಟ್ರಿ ಆಕಿಗೆ?"

"ಕೊಡೂದೇನೈತಿ ಅದರಾಗ? ನಾಕ ಮಾತು" ಎಂದರು. "ಮ್ಯಾನೇಜರು ಭಾಳ ಖುಷಿ ಆಗ್ಯಾರ. ಈಗ ಬರಾವ್ರೆಲ್ಲಾ ಒಡಪು ಹೇಳೋ ಡ್ರೈವರ್ ಬೇಕು ಅಂತಾರ."

"ಬರಾವ್ರಿಗೆಲ್ಲಾ ಹೇಳಾಕತ್ತೀರೇನು ಹಂಗಾರ?"

"ಹೂಂ" ಎಂದು ರೊಟ್ಟಿ ಮುರಿದರು.

ಅಲ್ಲಿಂದ ನನಗೆ ನಿದ್ದೆ ಸರಿಯಿಲ್ಲ, ಊಟ ಸೇರುವುದಿಲ್ಲ. ದಾವಣಗೆರೆಯಿಂದ ಬಂದವರು, ಹುಬ್ಬಳ್ಳಿಯಿಂದ ಬಂದವರು, ಮುಖ ಗೊತ್ತಿಲ್ಲದ ಎಷ್ಟೋ ಹೆಂಗಸರು ಹಿಂದಿನ ಸೀಟಿನಲ್ಲಿ ಕೂತು ನನ್ನ ಒಡಪು ಹೇಳುತ್ತಿರುವಂತೆ ಕಾಣುತ್ತಿತ್ತು. ಒಗೆಯುವ ಮುಂಚೆ ಅವರ ಅಂಗಿ ಮೂಸಿ ನೋಡಿದೆ. ಮೆಣಸಿನಕಾಯಿ ಘಾಟು ಬಿಟ್ಟರೆ ಏನೂ ಇರಲಿಲ್ಲ. ಏನಾದರೂ ಇದ್ದಿದ್ದರೆ ಚೆನ್ನಾಗಿತ್ತು, ಜಗಳ ಆಡುವುದಾದರೂ ಸುಲಭವಾಗುತ್ತಿತ್ತು. ಮೇಡಂಗೂ ಇವರಿಗೂ ನಡುವೆ ಕೆಟ್ಟದ್ದು ಏನೂ ಇಲ್ಲವೆಂದು ನನಗೆ ಗೊತ್ತಿತ್ತು. ನನ್ನ ಕಿಚ್ಚು ಅದಕ್ಕಲ್ಲ. ಅಷ್ಟು ಮಾತು, ಅಷ್ಟು ನಗು ಈ ಮನುಷ್ಯನ ಒಳಗೆ ಇತ್ತು, ಅದನ್ನು ಹೋಟೆಲಿಗೆ ಬಂದವರಿಗೆಲ್ಲ ಹಂಚಿ ಮನೆಗೆ ಖಾಲಿ ಕೈಯಲ್ಲಿ ಬರುತ್ತಿದ್ದರು.

ಒಂದು ಬೆಳಿಗ್ಗೆ ಬೈಕು ಚಾಲೂ ಮಾಡುತ್ತ ತಾವಾಗಿಯೇ ಮಾತು ತೆಗೆದರು. "ಮೇಡಂ ಮತ್ತ ಬಂದಾರ. ಈ ಸಲ ಗೆಳತ್ಯಾರನ್ನೂ ಕರಕೊಂಡು ಬಂದಾರ."

ನಾನು ಕೇಳಿರಲಿಲ್ಲ. ಉಪ್ಪಿನ ಮಾತು ಬಿಟ್ಟರೆ ಕೇಳದೆ ಅವರು ಹೇಳಿದ ಮೊದಲ ಮಾತು ಅದೇ ಇರಬೇಕು, ಅದೂ ಆಕೆಯ ಬಗ್ಗೆ. ಬೈಕು ತಿರುವು ದಾಟಿದ ಕೂಡಲೇ ಟ್ರಂಕಿನಿಂದ ಇಳಕಲ್ ಸೀರೆ ತೆಗೆದೆ. ಪೇಟೆಗೆ ಹೋಗಿ ಬರುತ್ತೇನೆ ಎಂದು ಅತ್ತೆಗೆ ಹೇಳಿ ಹಾವೇರಿ ಬಸ್ಸು ಹತ್ತಿದೆ.

ಹೋಟೆಲಿನ ಮುಂದೆ ಮೇಡಂ ಮತ್ತು ಗೆಳತಿಯರು ಚಹಾ ಕುಡಿಯುತ್ತ ನಿಂತಿದ್ದರು. ಇನ್ನೊಬ್ಬ ಡ್ರೈವರ್ ದುರುಗೇಶ ಪೈಪು ಹಿಡಿದು ತನ್ನ ಗಾಡಿ ತೊಳೆಯುತ್ತಿದ್ದ. ನಮ್ಮವರು ಆ ಕಡೆ ಮುಖ ಮಾಡಿ ಗಾಡಿಯ ಗಾಜು ಒರೆಸುತ್ತಿದ್ದರು. ನಾನು ಸೀದಾ ಕೌಂಟರಿಗೆ ಹೋದೆ.

"ಏನ ಬೇಕಿತ್ರಿ ಅಕ್ಕಾರ?" ಎಂದರು ಪ್ರಭುಲಿಂಗಪ್ಪ. ನಾನು ಯಾರೆಂದು ಅವರಿಗೆ ಗೊತ್ತಿರಲಿಲ್ಲ.

"ಗಾಡಿ ಬೇಕ್ರಿ. ರಾಣೆಬೆನ್ನೂರಿಗೆ ಹೋಗಿ ಕೃಷ್ಣಮೃಗ ನೋಡಬೇಕು."

"ಆತ್ರಿ. ದುರುಗೇಶನ್ನ ಕಳಸ್ತೇನಿ."

"ದುರುಗೇಶ ಬ್ಯಾಡ್ರಿ. ಇನ್ನೊಬ್ಬರು ಅದಾರಲ್ರಿ, ಅವರು ಬೇಕು."

"ಯಾರ್ರಿ? ಹೆಸರು ಹೇಳ್ರಿ."

ಕೈ ಮಾಡಿ ಹೊರಗೆ ತೋರಿಸಿದೆ. ಅದೇ ಹೊತ್ತಿಗೆ ನಮ್ಮವರು ತಿರುಗಿ ನನ್ನನ್ನು ಕಂಡರು. ಕೈಯಲ್ಲಿದ್ದ ಬಟ್ಟೆಯ ಸಮೇತ ಒಳಗೆ ಬಂದರು.

"ನೀ ಯಾಕ ಬಂದಿ ಇಲ್ಲಿಗೆ? ಅವ್ವ ಆರಾಮ ಅದಾಳಿಲ್ಲೋ?"

ಆ ಒಂದು ಮಾತಿನಿಂದ ಎಲ್ಲರಿಗೂ ನಾನು ಯಾರೆಂದು ತಿಳಿಯಿತು. ಮೇಡಂ ಚಹಾದ ಲೋಟ ಅಲ್ಲೇ ಇಟ್ಟು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. "ಇವರು ನಿಮ್ಮ ಮಿಸೆಸ್ಸಾ? ಹೇಳಲೇ ಇಲ್ವಲ್ಲ ವಿಜಯ್. ಹಾಗಾದ್ರೆ ಅದು ಇವರದ್ದೇ ಒಡಪು ಅಲ್ವಾ? ಒಂದ್ಸಲ ನೀವೇ ಹೇಳಿ, ಪ್ಲೀಸ್. ನಿಮ್ಮ ಬಾಯಲ್ಲಿ ಕೇಳಬೇಕು ನಾವು."

ಒಳ್ಳೆಯ ಹೆಂಗಸು. ಕಣ್ಣಲ್ಲಿ ಕಪಟ ಇರಲಿಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಕೆಟ್ಟವಳಾಗಿದ್ದರೆ ಬೈದಾದರೂ ಹಗುರಾಗುತ್ತಿದ್ದೆ. ಪ್ರಭುಲಿಂಗಪ್ಪನವರು ಕುರ್ಚಿ ಎಳೆದು ಹಾಕಿದರು. "ಕುಂದ್ರಿ ಅಕ್ಕಾರ, ಹೇಳ್ರಿ. ಹೋಟೆಲಿಗೂ ಚಲೋ ಆಕ್ಕತಿ." ಕೋಲಿನ ತುದಿಯ ಮೊಬೈಲು ನನ್ನ ಮುಖದ ಮುಂದೆ ಬಂದು ನಿಂತಿತು.

ನಾನು ನಮ್ಮವರನ್ನೇ ನೋಡಿದೆ. ಬೇಡ, ಅದು ಆಕೆಯದು ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು, ಅಲ್ಲಿಂದಲೇ ಬಸ್ಸು ಹತ್ತಿ ವಾಪಸು ಹೋಗುತ್ತಿದ್ದೆ.

"ಹೇಳಿಬಿಡು ಲಗೂ" ಎಂದರು ಅವರು. "ಅವರಿಗೆ ಹೊತ್ತಾಗತೈತಿ."

ನೀರು ತಂದುಕೊಡು ಎಂದಷ್ಟೇ ಸಲೀಸಾಗಿ ಹೇಳಿದರು.

"ವಿಜಯಮಹಾಂತೇಶ" ಎಂದೆ.

ಬರೀ ಹೆಸರು. ಹಿಂದೆ ಮೆಣಸಿನಕಾಯಿ ಇಲ್ಲ, ಜೋಳ ಇಲ್ಲ, ಯಾವ ಚಂದವೂ ಇಲ್ಲ. "ಗಾಡಿ ತಗೀರಿ. ನನಗ ಹೋಗಬೇಕಾಗೇತಿ."

ಬಾಗಿಲಾಚೆ ದುರುಗೇಶನ ಪೈಪಿನ ನೀರು ಅವನ ಕಾಲ ಮೇಲೆಯೇ ಹರಿಯುತ್ತಿತ್ತು. ಪ್ರಭುಲಿಂಗಪ್ಪನವರು ಕುರ್ಚಿಯ ಮೇಲಿಟ್ಟ ಕೈ ತೆಗೆಯಲಿಲ್ಲ. ಮೇಡಂ ಮಾತ್ರ ಮೊಬೈಲು ಹಿಡಿದೇ ಕಾಯುತ್ತಿದ್ದರು. "ಹೂಂ, ಆಮೇಲೆ? ಮುಂದಿನ ಸಾಲು?" ಎಂದರು. ದಿನವಿಡೀ ವಿಜಯ್ ವಿಜಯ್ ಎನ್ನುವವರಿಗೆ ಈಗ ಏನಾಯಿತೆಂದು ಹೇಗೆ ಗೊತ್ತಾಗಬೇಕು. ಗೊತ್ತಾಗಬೇಕಾದವರಿಗೆ ಆಗಿತ್ತು. ನಮ್ಮವರ ಮುಖ ಬಿಳಿಚಿಕೊಂಡಿತು, ಕೈ ತನ್ನಷ್ಟಕ್ಕೆ ತಾನೇ ಕೊರಳಿನ ಶಿವದಾರ ಮುಟ್ಟಿಕೊಂಡಿತು. ಹೊಸ್ತಿಲಲ್ಲಿ ನೋಡಿದ ಮೇಲೆ ಅವರು ನನ್ನನ್ನು ಅಷ್ಟು ನೆಟ್ಟಗೆ ನೋಡಿದ್ದು ಅದೇ ಮೊದಲು. ಪ್ರೀತಿಯ ನೋಟವೇನಲ್ಲ, ಹೆದರಿದ ನೋಟ. ಆಗಲಿ, ನನಗೇ ಬಂತಲ್ಲ.

"ಮೇಡಂ ಜೊತಿ ಇವತ್ತ ದುರುಗೇಶ ಹೋಗ್ಲಿರಿ" ಎಂದು ಮ್ಯಾನೇಜರಿಗೆ ಹೇಳಿ ಗಾಡಿಯತ್ತ ನಡೆದರು. ನಾನು ಮುಂದಿನ ಸೀಟಿನಲ್ಲೇ ಕೂತೆ.

ಗಾಡಿ ಮೋಟೆಬೆನ್ನೂರು ದಾಟಿತು.

"ಅವ್ವನ ಮುಂದ ಹೇಳಬ್ಯಾಡ" ಎಂದರು ಕೊನೆಗೆ.

"ಏನಂತ?"

"ಹೆಸರು ಹೇಳಿದ್ದು."

"ಹೇಳಂಗಿಲ್ಲ ಬಿಡ್ರಿ."

ಸ್ವಲ್ಪ ಧೈರ್ಯ ಬಂದಿರಬೇಕು. "ಖರೇನ ರಾಣೆಬೆನ್ನೂರಿಗೆ ಹೋಗೂದೇನು?" ಎಂದು ಕೇಳಿದರು.

"ಆಕಿಗೆ ತೋರಿಸಲಾರದ ಜಾಗ ಯಾವುದರ ಐತೇನು, ಅಲ್ಲಿಗೆ ನಡೀರಿ."

ಬಹಳ ಹೊತ್ತು ಯೋಚಿಸಿದರು. "ಎಲ್ಲಾ ತೋರಿಸೇನಿ" ಎಂದರು. ಸುಳ್ಳು ಹೇಳಲು ಬರುವುದಿಲ್ಲ ಅವರಿಗೆ. ಆ ಗಳಿಗೆಯಲ್ಲಿ ಬಂದಿದ್ದರೆ ಒಳ್ಳೆಯದಿತ್ತು.

"ಹಂಗಾರ ರಾಣೆಬೆನ್ನೂರಿಗೇ ನಡೀರಿ" ಎಂದೆ.

"ಇನ್ನ ಆ ಒಡಪು ಯಾರಿಗೂ ಹೇಳಂಗಿಲ್ಲ" ಎಂದರು, ರಸ್ತೆಯಿಂದ ಕಣ್ಣು ತೆಗೆಯದೆ.

"ಹೇಳ್ರಿ. ಯಾರಿಗೆ ಬೇಕಾದ್ರೂ ಹೇಳ್ರಿ. ಮಂದಿ ಬಾಯಿಗೆಲ್ಲಾ ಹೋಗಿ ಎಂಜಲಾಗೇತಿ, ಅದನ್ನ ತಿರುಗಿ ಇಸಗೊಂಡು ಏನ ಮಾಡ್ಲಿ? ನನಗ ಹೊಸಾದು ಬೇಕು. ಈ ಸಲ ನೀವು ಕಟ್ಟರಿ, ನನ್ನ ಹೆಸರು ಇಟ್ಟು."

"ನಾ ಹೆಂಗ ಕಟ್ಟಲಿ?"

"ಅಷ್ಟ ಮಂದಿ ಮುಂದ ಅಷ್ಟ ಮಾತಾಡ್ತೀರಿ. ನನಗ ನಾಕ ಸಾಲು ಬರಂಗಿಲ್ಲೇನು?"

ಗಂಟಲು ಸರಿ ಮಾಡಿಕೊಂಡರು. "ಬ್ಯಾಡಗಿ ಮೆಣಸಿನಕಾಯಿ..."

"ಅದು ನಂದು."

"ಸಿದ್ಧೇಶ್ವರ ಗುಡಿ..."

"ಅದು ನಿಮ್ಮ ಗಿರಾಕಿಗಳದು."

"ಕೃಷ್ಣಮೃಗದ ಕಣ್ಣು..."

"ಹಿಂಗ ಆಕಿಗೂ ಅಂದಿದ್ರೇನು?"

ರಾಣೆಬೆನ್ನೂರು ದಾಟಿ ಕಾಡಿನ ಅಂಚಿಗೆ ಬಂದಾಗಲೂ ಅವರ ತುಟಿ ಮಾತ್ರ ಅಲ್ಲಾಡುತ್ತಿತ್ತು. ನೀಲಗಿರಿ ಮರಗಳು ಮುಗಿದು ಒಣ ಹುಲ್ಲಿನ ಬಯಲು ತೆರೆದುಕೊಳ್ಳುವ ಕಡೆ ಗಾಡಿ ನಿಲ್ಲಿಸಿ ಎಂಜಿನ್ ಬಂದ್ ಮಾಡಿದರು. ಮನೆಯಲ್ಲಿ ನನ್ನನ್ನು ಕರೆಯುವುದು 'ಏ' ಎಂದು, ಇಲ್ಲವೆಂದರೆ 'ಕೇಳಿದ್ಯೇನ' ಎಂದು. ಈಗ ಸ್ಟಿಯರಿಂಗ್ ಮೇಲೆ ಬೆರಳು ಬಡಿಯುತ್ತ, "ಸುರೇಖಾ... ಸುರೇಖಾನ... ಸುರೇಖಾಗ..." ಎಂದು ಒಬ್ಬರೇ ಗೊಣಗುತ್ತಿದ್ದರು. ಹಿಂದೆ ಯಾವ ಮಾತು ಹಚ್ಚಿದರೂ ಹೊಂದುತ್ತಿರಲಿಲ್ಲ. ಹಣೆಯಲ್ಲಿ ಬೆವರು ಬಂದಿತ್ತು. ಒರೆಸಿಕೊಳ್ಳಲಿ ಎಂದು ನಾನು ಕರ್ಚೀಫು ಕೊಡಲೂ ಇಲ್ಲ.

ಆಗ ಎಡಗಡೆಯ ಹುಲ್ಲಿನಿಂದ ಒಂದು ಗಂಡು ಕೃಷ್ಣಮೃಗ ಹೊರಗೆ ಬಂತು. ಕಪ್ಪು ಬೆನ್ನು, ಹುರಿ ಹೊಸೆದಂಥ ಕೋಡು. ಹಿಂದೆಯೇ ಕಂದು ಬಣ್ಣದ ಹೆಣ್ಣುಗಳು, ಮರಿಗಳು ಒಂದೊಂದಾಗಿ ಬಂದವು. ಅವಸರವಿಲ್ಲದೆ ನಮ್ಮ ಗಾಡಿಯ ಮುಂದೆಯೇ ರಸ್ತೆ ದಾಟತೊಡಗಿದವು. ಎಷ್ಟು ದೂರದಲ್ಲಿದ್ದರೂ ಮೊದಲು ಕಂಡು ಬೆರಳು ಮಾಡಿ ತೋರಿಸುವವರು ಇವರೇ ಎಂದು ವಿಡಿಯೊದಲ್ಲಿ ಮೇಡಂ ಹೊಗಳಿದ್ದರು. ಇವರು ತಲೆ ತಗ್ಗಿಸಿ, ಕಣ್ಣು ಮುಚ್ಚಿಕೊಂಡು, ನನ್ನ ಹೆಸರಿಗೆ ಒಂದು ಮಾತು ಹುಡುಕುತ್ತಿದ್ದರು.

ಕೊನೆಯ ಮರಿ ದಾಟಿ ಹುಲ್ಲಿನಲ್ಲಿ ಮರೆಯಾಗುವವರೆಗೂ ಅವರು ತಲೆ ಎತ್ತಲಿಲ್ಲ. ನೋಡ್ರಿ ಎಂದು ನಾನೂ ಹೇಳಲಿಲ್ಲ.